ಕಬಡ್ಡಿ ಲೈವ್ ನಡುನಡುವೆ ನಿಲ್ಲುತ್ತಿತ್ತು, ಸರಿಮಾಡಿದ್ದು ಹೀಗೆ

ನಮ್ಮೂರ ಹೊನಲು ಬೆಳಕಿನ ಕಬಡ್ಡಿಯನ್ನು ಫೋನಿನಿಂದಲೇ ಯೂಟ್ಯೂಬ್‌ನಲ್ಲಿ ಲೈವ್ ಮಾಡುತ್ತೇನೆ. ಮುಂಬೈ, ದುಬೈಯಲ್ಲಿರುವ ನಮ್ಮ ಹುಡುಗರು ಕಾದು ಕೂತಿರುತ್ತಾರೆ. ಕಳೆದ ಸಲ ಜನ ಸೇರುತ್ತಿದ್ದಂತೆ ಚಿತ್ರ ನಿಂತು ನಿಂತು ಬರತೊಡಗಿತು. ರೈಡರ್ ಗೆರೆ ದಾಟುವುದು ಕಾಣುತ್ತಿತ್ತು, ಆಮೇಲೆ ಸುಮ್ನೆ ಸುತ್ತುವ ಚಕ್ರ ಅಷ್ಟೇ. ತುಂಬಾ ಬೇಜಾರಾಯಿತು.

ಮಧ್ಯಾಹ್ನ ಖಾಲಿ ಮೈದಾನದಲ್ಲಿ ಸ್ಪೀಡ್ ನೋಡಿದ್ದೇ ತಪ್ಪು. ರಾತ್ರಿ ನೂರಾರು ಫೋನು ಒಂದೇ ಟವರಿಗೆ ಬಿದ್ದಾಗ ಅಪ್‌ಲೋಡ್, ಅಂದರೆ ಫೋನಿನಿಂದ ಹೊರಗೆ ಕಳಿಸುವ ವೇಗ, ಕುಸಿಯುತ್ತದೆ. ಲೈವ್‌ಗೆ ಬೇಕಾದದ್ದು ಅದೇ ಅಲ್ವಾ? ಈ ಸಲ ಪಕ್ಕದ ಮನೆಯವರ ಫೈಬರ್‌ನಿಂದ ಅಂಕಣದ ಹತ್ತಿರಕ್ಕೆ 60 ಮೀಟರ್ ಲ್ಯಾನ್ ಕೇಬಲ್ ಎಳೆದು ರೂಟರ್ ಇಟ್ಟೆ. ಚಿತ್ರದ ಗುಣಮಟ್ಟದಲ್ಲಿ 1080ಪಿ ಬಿಟ್ಟು 720ಪಿಗೆ ಇಳಿದೆ, ಬಿಟ್‌ರೇಟ್ (ಸೆಕೆಂಡಿಗೆ ಕಳಿಸುವ ಡೇಟಾ) 3 ಎಂಬಿಪಿಎಸ್. ಅಪ್‌ಲೋಡ್ ಅದರ ಎರಡು ಪಟ್ಟಾದರೂ ಇರಲಿ. ಫೋನು ಏರ್‌ಪ್ಲೇನ್ ಮೋಡ್‌ನಲ್ಲಿ, ವೈಫೈ ಮಾತ್ರ ಆನ್. ನಡುವೆ ಕರೆ ಬರುವ ಕಾಟವೂ ತಪ್ಪಿತು.

ಫ್ಲಡ್‌ಲೈಟಿನಡಿ ಚಿತ್ರದ ಮೇಲೆ ಕಪ್ಪು ಪಟ್ಟಿಗಳು ಹರಿಯುತ್ತಿದ್ದವು. ನಮ್ಮ ಕರೆಂಟು 50 ಹರ್ಟ್ಸ್, ದೀಪ ಸೆಕೆಂಡಿಗೆ 100 ಸಲ ಮಿನುಗುತ್ತದೆ. ಕ್ಯಾಮೆರಾದ ಶಟರ್ ವೇಗವನ್ನು ಅದಕ್ಕೆ ಹೊಂದುವಂತೆ 1/100 ಸೆಕೆಂಡಿಗೆ ಇಟ್ಟೆ, ಪಟ್ಟಿ ಮಾಯ.

ಹೊಸ ಚಾನೆಲ್‌ನವರು ಲೈವ್ ಸೌಲಭ್ಯವನ್ನು ಎರಡು ದಿನ ಮೊದಲೇ ಆನ್ ಮಾಡಿಕೊಳ್ಳಿ. ಮೊದಲ ಸಲ ಅದಕ್ಕೆ 24 ಗಂಟೆ ಹಿಡಿಯಬಹುದು.

ಫೈನಲ್ ಒಮ್ಮೆಯೂ ನಿಲ್ಲಲಿಲ್ಲ.