ಪರೋಲ್ ಬಿಟ್ಟು ಓಡಿಬಂದವನ ಪರ ನಿಂತಾಗ

ನಾನು ಅಮೆರಿಕದ ನ್ಯೂ ಮೆಕ್ಸಿಕೋ ರಾಜ್ಯದಲ್ಲಿ ಪಬ್ಲಿಕ್ ಡಿಫೆಂಡರ್. ವಕೀಲರಿಗೆ ಫೀಸು ಕೊಡಲಾಗದವರ ಕೇಸು ನಡೆಸುವುದು ನನ್ನ ಕೆಲಸ. ಮೊದಲ ಸಲ ಇಂಥ ಕೇಸು ಬಂದಾಗ, ಕಕ್ಷಿದಾರ ಜೈಲಿನ ಗಾಜಿನ ಆಚೆ ಕೂತು ಒಂದೇ ಮಾತು ಹೇಳುತ್ತಿದ್ದ: "ವಾಪಸ್ ಕಳಿಸಿದ್ರೆ ಅಲ್ಲಿ ನನ್ನನ್ನ ಹೊಡೀತಾರೆ ಸರ್." ಬೇರೆ ರಾಜ್ಯದಲ್ಲಿ ಪರೋಲ್ ಮುರಿದು ಓಡಿಬಂದಿದ್ದ, ಆ ರಾಜ್ಯ ಅವನನ್ನು ವಾಪಸ್ ಕೇಳಿತ್ತು. ನಮ್ಮೂರಲ್ಲಿ ಪರೋಲ್ ಅಂದರೆ ಕೆಲವು ದಿನದ ರಜೆ, ಅಲ್ವಾ? ಇಲ್ಲಿ ಹಾಗಲ್ಲ. ಉಳಿದ ಶಿಕ್ಷೆಯನ್ನು ಹೊರಗಿದ್ದುಕೊಂಡೇ, ಅಧಿಕಾರಿಯ ನಿಗಾದಲ್ಲಿ ಮುಗಿಸಬೇಕು.

ಅವನ ಭಯವನ್ನೇ ವಾದ ಮಾಡೋಣ ಅಂತ ರಾತ್ರಿಯೆಲ್ಲ ಕೂತು ಬರೆದೆ. ಹಿರಿಯ ಸಹೋದ್ಯೋಗಿ ಅದನ್ನು ಓದಿ, 1998ರ ರೀಡ್ ತೀರ್ಪನ್ನು ಕೈಗಿಟ್ಟರು.

ಆ ಕೇಸೂ ನ್ಯೂ ಮೆಕ್ಸಿಕೋದ್ದೇ. ರೀಡ್ ಎಂಬವನಿಗೆ 1992ರಲ್ಲಿ ಒಹಾಯೋ ರಾಜ್ಯದಲ್ಲಿ ಪರೋಲ್ ಸಿಕ್ಕಿತ್ತು. ಮರುವರ್ಷ ಅದನ್ನು ರದ್ದು ಮಾಡುವ ಸುಳಿವು ಸಿಕ್ಕಾಗ ಇಲ್ಲಿಗೆ ಓಡಿಬಂದ. ವಾಪಸ್ ಹೋದರೆ ಪೆಟ್ಟು ಬೀಳುತ್ತೆ ಅನ್ನುವ ಅವನ ಭಯವನ್ನು ನಮ್ಮ ರಾಜ್ಯದ ಸುಪ್ರೀಂ ಕೋರ್ಟ್ ನಂಬಿತು. ಇವನು ತಲೆಮರೆಸಿಕೊಂಡವನಲ್ಲ, ಅನ್ಯಾಯಕ್ಕೆ ಹೆದರಿ ಆಶ್ರಯ ಹುಡುಕಿ ಬಂದವನು ಅಂದಿತು. ಅಮೆರಿಕದ ಸುಪ್ರೀಂ ಕೋರ್ಟ್ ಇದನ್ನು ಒಪ್ಪಲಿಲ್ಲ. ಒಹಾಯೋದಲ್ಲಿ ಏನಾಯಿತು, ಏನಾಗಬಹುದು ಅನ್ನುವುದನ್ನು ಅಲ್ಲಿನ ಕೋರ್ಟೇ ನೋಡಬೇಕು. ಇಲ್ಲಿ ಕೇಳಬಹುದಾದದ್ದು ನಾಲ್ಕೇ ಪ್ರಶ್ನೆ, 1978ರಲ್ಲೇ ಗೊತ್ತುಮಾಡಿದ್ದು: ಕಾಗದಪತ್ರ ಸರಿ ಇದೆಯಾ, ಅಲ್ಲಿ ಅಪರಾಧದ ಆರೋಪ ಇದೆಯಾ, ಇವನೇ ಅವನಾ, ಓಡಿಬಂದವನಾ.

ಹೊಡೆತಕ್ಕೆ ಹೆದರಿದವನಿಗೆ, ಹೊಡೆಯುವವರ ಊರಿಗೇ ಹೋಗಿ ದೂರು ಕೊಡು ಅಂದ ಹಾಗಾಯಿತು. ನನಗೆ ಈಗಲೂ ಈ ತೀರ್ಪು ಕಠಿಣ ಅನ್ನಿಸುತ್ತದೆ. ಆದರೆ ಕಾನೂನು ಇರುವುದೇ ಹಾಗೆ.

ಬರೆದದ್ದನ್ನು ಬದಿಗಿಟ್ಟು, ಗವರ್ನರ್ ವಾರಂಟನ್ನೂ (ಇವನನ್ನು ಹಿಡಿದು ಒಪ್ಪಿಸಲು ನಮ್ಮ ಗವರ್ನರ್ ಕೊಟ್ಟ ಆದೇಶ) ಆ ರಾಜ್ಯದ ಕಾಗದಗಳನ್ನೂ ಪಕ್ಕಪಕ್ಕ ಇಟ್ಟು ನೋಡಿದೆ. ಹೆಸರಿನ ಅಕ್ಷರ, ಫೋಟೋ, ಸಹಿ. ಹುಟ್ಟಿದ ತಾರೀಖಿನಲ್ಲಿ ಎರಡು ಅಂಕಿ ಅದಲುಬದಲಾಗಿತ್ತು. ಒಂದು ಗಳಿಗೆ ಆಸೆಯಾಯಿತು. ಬೆರಳಚ್ಚು ತಾಳೆಯಾಯಿತು, ಆಸೆ ಹೋಯಿತು. ಈಗಂತೂ ನಾನು ಮೊದಲು ಕೇಳುವುದು, "ಪರೋಲ್ ಸಿಕ್ಕ ದಿನ ಯಾವ್ಯಾವ ಕಾಗದಕ್ಕೆ ಸಹಿ ಹಾಕಿದ್ರಿ?" ಅಂತ. ವಾಪಸ್ ಕರೆಸಿದರೆ ತಕರಾರು ಮಾಡುವುದಿಲ್ಲ ಅಂತ ಎಷ್ಟೋ ಜನರಿಂದ ಆವತ್ತೇ ಬರೆಸಿಕೊಂಡಿರುತ್ತಾರೆ.

ಉಳಿದದ್ದು ಅಲ್ಲಿನ ಹೋರಾಟ. ವಿಚಾರಣೆ ಇಲ್ಲದೆ ಪರೋಲ್ ರದ್ದು ಮಾಡುವ ಹಾಗಿಲ್ಲ ಅಂತ 1972ರಲ್ಲೇ ಅಮೆರಿಕದ ಸುಪ್ರೀಂ ಕೋರ್ಟ್ ಹೇಳಿದೆ. ಅದನ್ನು ಹಿಡಿದು ಆ ರಾಜ್ಯದ ವಕೀಲರೊಬ್ಬರಿಗೆ ಫೋನ್ ಮಾಡಿದೆ. ಹಿಂದೆ ಜೈಲಲ್ಲಿ ಪೆಟ್ಟು ತಿಂದಾಗಿನ ಅವನ ಆಸ್ಪತ್ರೆ ಕಾಗದಗಳನ್ನು, ಅವನು ಅಲ್ಲಿ ತಲುಪುವ ಮೊದಲೇ ಅವರಿಗೆ ಮುಟ್ಟಿಸಿದೆ.

ಕರೆದೊಯ್ಯುವ ಹಿಂದಿನ ದಿನ ಮತ್ತೆ ಜೈಲಿಗೆ ಹೋದೆ. ಚೀಟಿ ಕೊಟ್ಟರೆ ದಾರಿಯಲ್ಲಿ ಕಳೆದುಹೋಗಬಹುದು. ಆ ವಕೀಲರ ಫೋನ್ ನಂಬರನ್ನು ಗಾಜಿನ ಆಚೆಯಿಂದ ಮೂರು ಸಲ ಬಾಯಿಪಾಠ ಹೇಳಿಸಿದೆ. ಮೂರನೇ ಸಲ ಎಲ್ಲೂ ತಡವರಿಸಲಿಲ್ಲ.