ಹಳೆಯ ತೆರೆದ ಸ್ಪೋರ್ಟ್ಸ್ ಕಾರಿಗೆ ಬೆಲೆ ಕಟ್ಟುವ ಬಗೆ

ಮೈಸೂರಿನ ಹಳೆಯ ಮನೆಯೊಂದರ ಷೆಡ್ಡಿನಲ್ಲಿ ಬ್ರಿಟನ್ನಿನ ಎಂಜಿ ಕಂಪನಿಯ ತೆರೆದ ಕಾರು ಕಂಡರೆ, ಹಳತೆಂಬ ಒಂದೇ ಕಾರಣಕ್ಕೆ ಅದನ್ನು ಅಪರೂಪವೆಂದು ಎಣಿಸಬಾರದು. 1945ರಿಂದ 1949ರವರೆಗೆ ತಯಾರಾದ ಎಂಜಿ ಟಿಸಿ ಸುಮಾರು 10,000 ಮಾತ್ರ, 1962ರಲ್ಲಿ ಬಂದ ಎಂಜಿಬಿಯಾದರೋ, ಮುಚ್ಚಿದ ಮಾದರಿಯೂ ಸೇರಿ, 5 ಲಕ್ಷ ದಾಟಿತು. ಚಾಸಿಸ್ ಮತ್ತು ಎಂಜಿನ್ ಸಂಖ್ಯೆಗಳನ್ನು ಆರ್‌ಸಿ ಪುಸ್ತಕದೊಂದಿಗೆ ತಾಳೆ ನೋಡಿ.

ಬೆಲೆಯನ್ನು ಇಳಿಸುವುದು ಮುಖ್ಯವಾಗಿ ತುಕ್ಕು. ಎಂಜಿಬಿಗೆ ಒಡಲನ್ನು ಹೊರುವ ಪ್ರತ್ಯೇಕ ಚೌಕಟ್ಟು (ಚಾಸಿಸ್) ಇಲ್ಲದ ಕಾರಣ ಬಾಗಿಲ ಕೆಳಗಿನ ಉಕ್ಕಿನ ಭಾಗವೇ ಭಾರ ಹೊರುತ್ತದೆ; ಬಾಗಿಲಿನ ಸಂದು ಮೇಲೆ ಕಿರಿದಾಗಿ ಕೆಳಗೆ ಅಗಲವಾಗಿದ್ದರೆ ಒಡಲು ನಡುವೆ ಕುಸಿದಿರಬಹುದು. ಬಾಗಿಲ ಕೆಳಗಿನ ಆ ಭಾಗಕ್ಕೆ ಆಯಸ್ಕಾಂತ ಅಂಟದಿದ್ದರೆ ಬಣ್ಣದಡಿ ಪುಟ್ಟಿ ದಪ್ಪವಾಗಿದೆಯೆಂದೇ ತಿಳಿಯಿರಿ. ಹೊಳೆಯುವ ಹೊಸ ಬಣ್ಣಕ್ಕಿಂತ ಮಾಸಿದ ಮೂಲ ಬಣ್ಣವೇ ನನ್ನಲ್ಲಿ ಹೆಚ್ಚು ನಂಬಿಕೆ ಹುಟ್ಟಿಸುತ್ತದೆ.

ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಮೂಲರೂಪ ಹೆಚ್ಚು ಬದಲಾಗದ ಕಾರನ್ನು ವಿಂಟೇಜ್ ವಾಹನಗಳಿಗೆಂದೇ ಇರುವ ‘ವಿಎ’ ಸರಣಿಯಲ್ಲಿ ನೋಂದಾಯಿಸಲು ಅವಕಾಶವಿದೆ.