ಕೋಡ್ ತುಣುಕು ಹಂಚುವಾಗ ಪಡೆದವರ ಕಂಪ್ಯೂಟರಿನಲ್ಲೂ ಓಡಬೇಕಾದರೆ

ಶಿರಸಿಯಲ್ಲಿ ಬರೆದ ಸ್ಕ್ರಿಪ್ಟನ್ನು ಕಾರವಾರದಲ್ಲಿ ಇನ್ನೊಬ್ಬರು ಓಡಿಸುತ್ತಾರೆ. ಮಳೆಗಾಲದಲ್ಲಿ ಘಟ್ಟದ ಮೇಲೆ ಕರೆಂಟ್ ಹೋದರೆ ಎಷ್ಟೋ ಸಲ ನೆಟ್‌ವರ್ಕೂ ಹೋಗುತ್ತದೆ, ಕೇಳಲು ನೀವು ಸಿಗುವುದಿಲ್ಲ. ಹಾಗಾಗಿ ಬೇಕಾದ ವಿವರವೆಲ್ಲ ತುಣುಕಿನ ಜೊತೆಗೇ ಹೋಗಬೇಕು. ಸಿಡಿಎನ್‌ನಿಂದ (ಇಂಟರ್ನೆಟ್ ಮೂಲಕ ಫೈಲು ಕೊಡುವ ಸರ್ವರ್‌ಗಳಿಂದ) ಎಳೆಯುವ ಲೈಬ್ರರಿ ಇದ್ದರೆ ಆ ಫೈಲನ್ನೂ ಸೇರಿಸಿ.

ವಾಟ್ಸ್ಆ್ಯಪ್ ಸಂದೇಶದಲ್ಲಿ ಕೋಡನ್ನು ಹಾಗೇ ಅಂಟಿಸಬೇಡಿ. ನಕ್ಷತ್ರ ಚಿಹ್ನೆ ಜೋಡಿಯಾಗಿ ಬಂದರೆ ಅದು ನಡುವಿನದನ್ನು ದಪ್ಪಕ್ಷರ ಮಾಡುತ್ತದೆ, ಅಂಡರ್‌ಸ್ಕೋರ್ ಬಂದರೆ ಓರೆ ಅಕ್ಷರ. ಕೆಲವು ಫೋನ್ ಕೀಬೋರ್ಡ್‌ಗಳು ನೇರ ಉದ್ಧರಣ ಚಿಹ್ನೆಯನ್ನು ಬಾಗಿಸುತ್ತವೆ. ಪಿಎಚ್‌ಪಿಯಾಗಲಿ ಜಾವಾಸ್ಕ್ರಿಪ್ಟ್ ಆಗಲಿ ಬಾಗಿದ ಚಿಹ್ನೆಯನ್ನು ಸ್ಟ್ರಿಂಗಿನ ಗಡಿಯೆಂದು ಒಪ್ಪುವುದಿಲ್ಲ. ಒಂದೆರಡು ಸಾಲಾದರೆ ಹಿಂದೆ ಮುಂದೆ ಮೂರು ಮೂರು ಬ್ಯಾಕ್‌ಟಿಕ್ (`) ಹಾಕಿ. ಹೆಚ್ಚಾದರೆ ಫೈಲನ್ನೇ ಡಾಕ್ಯುಮೆಂಟ್ ಆಗಿ ಕಳಿಸಿ, ಇಲ್ಲವೇ ಕೋಡ್ ತುಣುಕು ಹಂಚಲೆಂದೇ ಇರುವ ಗಿಟ್‌ಹಬ್ ಗಿಸ್ಟ್‌ನಲ್ಲಿಟ್ಟು ಲಿಂಕ್ ಕೊಡಿ. ಜಾವಾಸ್ಕ್ರಿಪ್ಟ್ ಫೈಲಿಗೆ ಜಿಮೇಲ್ ನೆಚ್ಚಬೇಡಿ. 2017ರಿಂದ ಅದನ್ನು ತಡೆಯುತ್ತಿದೆ, ಜಿಪ್ ಮಾಡಿದರೂ ಬಿಡುವುದಿಲ್ಲ.

ಶೆಲ್ ಸ್ಕ್ರಿಪ್ಟನ್ನು ವಿಂಡೋಸ್‌ನಲ್ಲಿ ಬರೆದಿದ್ದರೆ ಸಾಲಿನ ಕೊನೆ ನೋಡಿ. ವಿಎಸ್ ಕೋಡ್‌ನ ಕೆಳಗಿನ ಬಲಮೂಲೆಯಲ್ಲಿ ಸಿಆರ್‌ಎಲ್‌ಎಫ್ (CRLF, ವಿಂಡೋಸ್ ಸಾಲು ಮುಗಿಸುವ ಗುರುತು) ಅಂತಿದ್ದರೆ ಕ್ಲಿಕ್ ಮಾಡಿ ಎಲ್‌ಎಫ್ (LF, ಲಿನಕ್ಸ್‌ನದು) ಮಾಡಿ, ಉಳಿಸಿ. ಇಲ್ಲದಿದ್ದರೆ ಲಿನಕ್ಸ್ ಸರ್ವರ್ ‘ಬ್ಯಾಡ್ ಇಂಟರ್‌ಪ್ರಿಟರ್’ ಎನ್ನುತ್ತದೆ. ಕಣ್ಣಿಗೆ ಕೋಡ್ ಸರಿಯಾಗೇ ಕಾಣುವುದರಿಂದ ಪಡೆದವರು ಗಂಟೆಗಟ್ಟಲೆ ಹುಡುಕುತ್ತಾರೆ.

ಫೈಲಿನ ತಲೆಯಲ್ಲಿ ಕಾಮೆಂಟ್ ಬರೆಯಿರಿ: ಯಾವ ಆವೃತ್ತಿ ಬೇಕು, ಏನು ಕೊಟ್ಟರೆ ಏನು ಬರುತ್ತದೆ, ಯಾವ ಫೈಲನ್ನು ಬದಲಿಸುತ್ತದೆ. ಆವೃತ್ತಿ ಬರೆಯುವುದನ್ನು ಮಾತ್ರ ಎಂದೂ ಬಿಡಬೇಡಿ. ಸ್ಟ್ರ್_ಕಂಟೇನ್ಸ್ (str_contains) ಫಂಕ್ಷನ್ ಇರುವುದು ಪಿಎಚ್‌ಪಿ 8.0ರಿಂದ, 7.4 ಇರುವ ಹೋಸ್ಟಿಂಗ್‌ನಲ್ಲಿ ಪುಟವೇ ನಿಲ್ಲುತ್ತದೆ.

ಫೈಲು ಅಳಿಸುವ, ಬದಲಿಸುವ ಸ್ಕ್ರಿಪ್ಟು ಮೊದಲ ಓಟದಲ್ಲಿ ಏನು ಮಾಡಲಿದ್ದೇನೆ ಎಂದಷ್ಟೇ ತೋರಿಸಲಿ. ಗೋಕರ್ಣದ ಹೋಮ್‌ಸ್ಟೇ ಸೈಟಿಗೆ ಫೋಟೊಗಳನ್ನು 1600 ಪಿಕ್ಸೆಲ್ ಅಗಲಕ್ಕೆ, ಜೆಪೆಗ್ ಗುಣಮಟ್ಟ 80ಕ್ಕೆ ಇಳಿಸುವ ಸ್ಕ್ರಿಪ್ಟ್ ಇದೆ ಅನ್ನಿ. ಚಿತ್ರ ತಿದ್ದುವ ಇಮೇಜ್‌ಮ್ಯಾಜಿಕ್ ತಂತ್ರಾಂಶದ ಮೊಗ್ರಿಫೈ ಆದೇಶ ಮೂಲ ಫೋಟೊದ ಮೇಲೇ ಬರೆಯುತ್ತದೆ. ಪಾತ್ ಆಯ್ಕೆ ಕೊಟ್ಟು ಬೇರೆ ಫೋಲ್ಡರಿಗೆ ಹಾಕಿಸಿ. ಗಿರಾಕಿಯ ಬಳಿ ಇನ್ನೊಂದು ಪ್ರತಿ ಇದ್ದೇ ಇರುತ್ತದೆಂಬ ಭರವಸೆ ಬೇಡ.

ಪಾಸ್‌ವರ್ಡ್, ಎಪಿಐ ಕೀ (ಬೇರೆ ಸೇವೆ ಬಳಸಲು ಕೊಡುವ ಗುಟ್ಟಿನ ಸಂಕೇತ) ಕೋಡಿನಲ್ಲಿರಲೇಬಾರದು. ಸೀಕ್ರೆಟ್ ಗಿಸ್ಟ್ ಎಂದರೆ ಖಾಸಗಿಯಲ್ಲ, ಲಿಂಕ್ ಸಿಕ್ಕ ಯಾರು ಬೇಕಾದರೂ ನೋಡಬಹುದು. ತಪ್ಪಿ ಕೀ ಸೇರಿದರೆ ಆ ಸಾಲು ಅಳಿಸಿ ಸುಮ್ಮನಾಗಬೇಡಿ, ಹಳೆಯ ರಿವಿಷನ್‌ನಲ್ಲಿ (ಗಿಸ್ಟ್ ಉಳಿಸಿಕೊಳ್ಳುವ ಹಿಂದಿನ ರೂಪದಲ್ಲಿ) ಅದು ಉಳಿದಿರುತ್ತದೆ. ಮೊದಲು ಕೀ ರದ್ದು ಮಾಡಿ ಹೊಸದು ಪಡೆಯಿರಿ, ಆಮೇಲೆ ಗಿಸ್ಟ್ ಅಳಿಸಿ.

ಪಠ್ಯ ಕತ್ತರಿಸುವ ತುಣುಕನ್ನು ಕನ್ನಡದಲ್ಲಿ ಪರೀಕ್ಷಿಸದೆ ಹಂಚಬೇಡಿ. ‘ಶಿರಸಿ’ ನಮಗೆ ಮೂರು ಅಕ್ಷರ, ಯೂನಿಕೋಡ್‌ನಲ್ಲಿ 5 ಕೋಡ್‌ಪಾಯಿಂಟ್ (ಅಕ್ಷರ, ಗುಡಿಸು ಬೇರೆ ಬೇರೆ ಎಣಿಕೆ), ಯುಟಿಎಫ್-8ರಲ್ಲಿ 15 ಬೈಟ್. ಪಿಎಚ್‌ಪಿಯ ಸಬ್‌ಸ್ಟ್ರ್ (substr) ಫಂಕ್ಷನ್ ಬೈಟ್ ಎಣಿಸುವುದರಿಂದ 10ಕ್ಕೆ ಕತ್ತರಿಸಿದರೆ ಕೊನೆಯಲ್ಲಿ ಪ್ರಶ್ನೆ ಚಿಹ್ನೆಯ ಡಬ್ಬಿ ಬರುತ್ತದೆ. ಎಂಬಿ_ಸಬ್‌ಸ್ಟ್ರ್ ಅಷ್ಟು ಕೆಡಿಸುವುದಿಲ್ಲ, ಆದರೆ 4ಕ್ಕೆ ನಿಲ್ಲಿಸಿದರೆ ಗುಡಿಸು ಬಿದ್ದು ‘ಶಿರಸ’ ಆಗುತ್ತದೆ. ಗ್ರಾಫೀಮ್_ಸಬ್‌ಸ್ಟ್ರ್ ಬಳಸಿ, ಅದಕ್ಕೆ ಇಂಟಲ್ (intl) ಎಕ್ಸ್‌ಟೆನ್ಷನ್ ಬೇಕೆಂದು ಕಾಮೆಂಟಿನಲ್ಲಿ ಹೇಳಿ. ಒತ್ತಕ್ಷರಕ್ಕೆ ‘ಹೊನ್ನಾವರ’ ಕೊಟ್ಟು, ಬೇರೆ ಬೇರೆ ಉದ್ದದಲ್ಲಿ ಕತ್ತರಿಸಿ ನೋಡಿ. ನುಡಿ ತಂತ್ರಾಂಶದ ಹಳೆಯ ಆಸ್ಕಿ ಅಕ್ಷರದ ಪಠ್ಯವಾದರೆ ಮೊದಲು ಯೂನಿಕೋಡ್‌ಗೆ ಪರಿವರ್ತಿಸಬೇಕು.

ಕಳಿಸುವ ಮುನ್ನ ಖಾಲಿ ಫೋಲ್ಡರಿಗೆ ಆ ಫೈಲನ್ನಷ್ಟೇ ಹಾಕಿ ಓಡಿಸಿ; ನಿಮ್ಮ ಪ್ರಾಜೆಕ್ಟಿನಿಂದ ಎರವಲು ಪಡೆದದ್ದು ಆಗ ಗೊತ್ತಾಗುತ್ತದೆ. ಲೈಸೆನ್ಸ್ (ಬಳಸಲು ಅನುಮತಿ) ಬರೆಯಿರಿ, ಎಂಐಟಿ ಲೈಸೆನ್ಸ್ ಸಾಕು. ಮುಂದೆ ತಿದ್ದುವುದಿದ್ದರೆ ಅದೇ ಗಿಸ್ಟನ್ನು ತಿದ್ದಿ. ಲಿಂಕ್ ಬದಲಾಗುವುದಿಲ್ಲ, ಏನು ಬದಲಾಯಿತೆಂದು ರಿವಿಷನ್‌ನಲ್ಲಿ ಕಾಣುತ್ತದೆ.